ಗುರವ್ವ ಅಕ್ಕೋರ ನೂರು ಗ್ರಾಂ ಹುಲ್ಲು

ಅಗರಖೇಡದ ಅಂಗನವಾಡಿಯ ಶಿಕ್ಷಕಿ ಗುರವ್ವ ಅಕ್ಕೋರಿಗೆ ಅಚ್ಚಾದ ಅಕ್ಷರದ ಮೇಲಿದ್ದ ನಂಬಿಕೆ ಅದನ್ನು ಅಚ್ಚು ಹಾಕಿದವರಿಗೂ ಇದ್ದಿರಲಾರದು. ಇಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಭಜಿ ಕಟ್ಟಿಕೊಟ್ಟ ಕಾಗದವನ್ನೂ ಎಣ್ಣೆ ಒರೆಸಿ, ಓದಿ ಮುಗಿಸಿದ ಮೇಲೆಯೇ ಎಸೆಯುವವರು. ಹೀಗಾಗಿ 2003ರಲ್ಲಿ ತರಬೇತಿಯೊಂದರಿಂದ ತಂದ ಆಹಾರದ ಕೈಪಿಡಿಯಲ್ಲಿ ‘ತಾಜಾ ಮಜ್ಜಿಗೆ ಹುಲ್ಲು, ನೂರು ಗ್ರಾಮಿಗೆ ಕಬ್ಬಿಣ ಎಂಟು ಮಿಲಿಗ್ರಾಂ’ ಎಂಬ ಸಾಲು ಕಂಡಾಗ ಅದು ಅವರ ಪಾಲಿಗೆ ಬರೀ ಮಾಹಿತಿಯಾಗಿ ಉಳಿಯಲಿಲ್ಲ, ಕರ್ತವ್ಯವಾಯಿತು. ಮರುದಿನವೇ ಆ ಸಾಲು ಅಂಗನವಾಡಿಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ, ಅವರದೇ ದುಂಡನೆಯ ಅಕ್ಷರದಲ್ಲಿ ಮೂಡಿತು.

ಮಜ್ಜಿಗೆ ಹುಲ್ಲು ಎಂದರೆ ಬೇರೇನೂ ಅಲ್ಲ, ಅವರ ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಸೊಂಟದೆತ್ತರ ಬೆಳೆದಿದ್ದ ಗವತಿ ಚಹಾ, ಪೇಟೆಯವರ ಲೆಮನ್‌ಗ್ರಾಸ್. ಸೊಲ್ಲಾಪುರದ ತಂಗಿಯ ಮನೆಯಿಂದ ಬೇರು ತಂದು ನೆಟ್ಟದ್ದು. ಎಲೆ ಉಜ್ಜಿದರೆ ಲಿಂಬೆಯ ಪರಿಮಳ. ಪತಿ ಮಡಿವಾಳಪ್ಪನವರಿಗೆ ಅದರ ಮೇಲೆ ಮೊದಲಿನಿಂದಲೂ ಸಣ್ಣ ಅಸಮಾಧಾನ, ಏಕೆಂದರೆ ಅವರು ನಲವತ್ತು ಲಿಂಬೆ ಗಿಡಗಳ ಒಡೆಯರು.

“ಮನ್ಯಾಗ ಚೀಲಗಟ್ಟಲೆ ಲಿಂಬಿ ಬಿದ್ದಾವ. ವಾಸನಿ ಸಲುವಾಗಿ ಹುಲ್ಲ ಬೆಳಸ್ಯಾರ ನಮ್ಮ ಅಕ್ಕೋರು!” ಎಂದು ಬಂದವರೆದುರೆಲ್ಲ ಹೇಳುತ್ತಿದ್ದರು.

“ನಿಮ್ಮ ಲಿಂಬ್ಯಾಗ ಹುಳಿ ಬಿಟ್ಟು ಏನೈತ್ರಿ? ಪುಸ್ತಕ ಓದ್ರಿ,” ಎಂಬುದು ಅಕ್ಕೋರ ಉತ್ತರ.

ಈ ವಾದ ಹೀಗೆಯೇ ಸುಖವಾಗಿ ನಡೆದುಕೊಂಡು ಹೋಗುತ್ತಿತ್ತೋ ಏನೋ, ನಡುವೆ ಭಾಗ್ಯಜ್ಯೋತಿ ಬಂದಳು. ಮಡಿವಾಳಪ್ಪನವರ ತಂಗಿಯ ಮಗಳು. ಪಿಯುಸಿ ಮುಗಿಸಿ, ಪೊಲೀಸ್ ಭರ್ತಿಗೆ ಅರ್ಜಿ ಹಾಕಿ, ಓಟದ ಅಭ್ಯಾಸಕ್ಕೆಂದು ಮಾವನ ಮನೆಯಲ್ಲಿ ಉಳಿದಿದ್ದಳು. ನಾನೂರು ಮೀಟರ್ ಓಡಬೇಕು. ಇನ್ನೂರು ಮುಗಿಯುವಷ್ಟರಲ್ಲಿ ಕಣ್ಣು ಕತ್ತಲೆ ಕಟ್ಟಿ ಶಾಲೆಯ ಮೈದಾನದ ಬದುವಿನ ಮೇಲೆ ಕೂತುಬಿಡುತ್ತಿದ್ದಳು. ಊರಿಗೆ ಬರುವ ನರ್ಸ್ ಸುಮಂಗಲಾ ಬೆರಳು ಚುಚ್ಚಿ ನೋಡಿದರೆ ರಕ್ತ ಬರೀ ಎಂಟು, ಇರಬೇಕಾದದ್ದು ಹನ್ನೆರಡು. ಓಟದ ಪರೀಕ್ಷೆಗೆ ಉಳಿದದ್ದು ಮೂರೇ ತಿಂಗಳು. ನರ್ಸ್ ಕಬ್ಬಿಣದ ಗುಳಿಗೆ ಕೊಟ್ಟು ಹೋದರು.

“ಗುಳಿಗಿ ಒಲ್ಲೆ ಅತ್ತಿ. ಬಾಯೆಲ್ಲ ತುಕ್ಕ ನೆಕ್ಕಿದಂಗ ಆಗತೈತಿ,” ಎಂದಳು ಹುಡುಗಿ.

“ಬಿಡ. ಮೂರು ತಿಂಗಳ ನನಗ ಒಪ್ಪಸು. ಹುಲ್ಲಿನ ಚಹಾ ಕುಡಿಸೇ ನಿನ್ನ ಪೊಲೀಸ ಮಾಡ್ತೇನಿ,” ಎಂದರು ಅಕ್ಕೋರು. ಹೇಳಿದ್ದು ಮನೆಯೊಳಗೇ ಆಗಿದ್ದರೆ ಚಿಂತೆಯಿರಲಿಲ್ಲ. ಸ್ತ್ರೀಶಕ್ತಿ ಸಂಘದ ಸಭೆಯಲ್ಲೂ ಹೇಳಿಬಿಟ್ಟರು.

ಅಂದಿನಿಂದ ರೊಟ್ಟಿ ಉಂಡ ಕೈ ಒಣಗುವ ಮೊದಲೇ ಚಹಾ. ಹಾಲು, ಬೆಲ್ಲ, ಚಹಾಪುಡಿ, ನಾಲ್ಕು ಎಲೆ ಹುಲ್ಲು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು. ಸೋಸಿ ಉಳಿದ ಹುಲ್ಲನ್ನು ಅಂಗಳದ ಆಡಿಗೆ ಹಾಕುವುದು. ಅಪವ್ಯಯ ಅಕ್ಕೋರಿಗೆ ಆಗದು.

ಒಂದು ತಿಂಗಳ ಮೇಲೆ ಅಂಗನವಾಡಿಯಲ್ಲಿ ಸಂಘದ ಸಭೆಯಿದ್ದ ದಿನವೇ ಸುಮಂಗಲಾ ಬಂದರು. ಹದಿನೈದು ಹೆಂಗಸರ ಕಣ್ಣು ರಕ್ತ ಅಳೆಯುವ ಗಾಜಿನ ಸಣ್ಣ ನಳಿಕೆಯ ಮೇಲೆ.

“ಎಂಟು. ಇದ್ದಲ್ಲೇ ಐತ್ರಿ ಅಕ್ಕೋರ,” ಎಂದರು ಸುಮಂಗಲಾ.

“ನಳಿಗಿ ತಪ್ಪಿರಬೇಕು. ಪುಸ್ತಕದಾಗ ಐತಿ, ಎಂಟು ಮಿಲಿಗ್ರಾಮ!” ಅಕ್ಕೋರು ಗೋಡೆ ತೋರಿಸಿದರು.

“ಪುಸ್ತಕ ಸುಳ್ಳ ಹೇಳಿಲ್ರಿ. ಆದ್ರ ನೂರು ಗ್ರಾಮ ಅಂದ್ರ ಎಷ್ಟ ಹುಲ್ಲಂತ ಯಾವಾಗರ ತೂಗೀರೇನು?”

ತೂಗಿರಲಿಲ್ಲ. ಅಂಗನವಾಡಿಯಲ್ಲಿದ್ದದ್ದು ಕೂಸುಗಳನ್ನು ಜೋಳಿಗೆಯಲ್ಲಿ ಕೂರಿಸಿ ತೂಗುವ ತಕ್ಕಡಿ. ಅದರ ಒಂದೊಂದು ಗೀಟೂ ನೂರು ಗ್ರಾಮಿನದು. ಅಕ್ಕೋರು ಹಿಂದೆಗೆಯುವವರಲ್ಲ. ಹುಲ್ಲು ಕೊಯ್ದು ತರಿಸಿ, ಜೋಳಿಗೆ ಕಟ್ಟಿ, ಮುಳ್ಳನ್ನು ಸೊನ್ನೆಗೆ ತಂದು, ನಾಲ್ಕು ಎಲೆ ಇಟ್ಟರು. ಮುಳ್ಳು ಮಿಸುಕಲಿಲ್ಲ.

“ಕೂಸು ಭಾಳ ಬಡಕಲ ಐತ್ರಿ ಅಕ್ಕೋರ, ಹೆಚ್ಚಿಗಿ ಆಹಾರ ಬರ್ಕೊಳ್ರಿ,” ಎಂದಳು ಹಿಂದೆ ಕೂತಿದ್ದ ಹುಲಿಗೆವ್ವ.

ಇನ್ನೊಂದು ಹಿಡಿ. ಮತ್ತೊಂದು. ಜೋಳಿಗೆಯ ಎರಡೂ ಬದಿಗೆ ಎಲೆಗಳು ಜೋತುಬಿದ್ದ ಮೇಲೆ ಮುಳ್ಳು ಒಲ್ಲದ ಮನಸ್ಸಿನಿಂದ ಒಂದು ಗೀಟು ಸರಿಯಿತು. ಎಣಿಸಿದರೆ ಎಂಬತ್ತು ಎಲೆ. ಇಪ್ಪತ್ತು ಸಲ ಚಹಾ ಮಾಡುವಷ್ಟು.

“ಇನ್ನ ಕುದಿಸಿದ ಮ್ಯಾಲ ಹುಲ್ಲ ಏನ ಮಾಡ್ತೀರಿ? ಕಬ್ಬಿಣ ಬಹಳಷ್ಟು ಹುಲ್ಲಿನಾಗೇ ಉಳೀತೈತಿ,” ಎಂದರು ಸುಮಂಗಲಾ.

ಉತ್ತರ ಕೊಟ್ಟವಳು ಭಾಗ್ಯಜ್ಯೋತಿ: “ಆಡಿಗೆ ಹಾಕ್ತೀವ್ರಿ.”

ಸಭೆ ನಕ್ಕು ಕಣ್ಣೊರೆಸಿಕೊಂಡಿತು. ನಗೆ ಇಳಿದ ಮೇಲೆ ಸುಮಂಗಲಾ ಉಳಿದದ್ದನ್ನೂ ಹೇಳಿದರು: ಊಟದ ಬೆನ್ನಿಗೇ ಚಹಾ ಕುಡಿದರೆ ರೊಟ್ಟಿ, ಪಲ್ಯೆಯಲ್ಲಿರುವ ಕಬ್ಬಿಣವೂ ಮೈಗೆ ಸರಿಯಾಗಿ ಹತ್ತುವುದಿಲ್ಲ, ಹತ್ತಿಸುವುದು ಲಿಂಬೆಯ ಹುಳಿ, ಲಿಂಬೆಯ ವಾಸನೆಯಲ್ಲ.

ಭಾಗ್ಯಜ್ಯೋತಿ ಮಾತ್ರ ನಕ್ಕಿರಲಿಲ್ಲ. ಎರಡೇ ತಿಂಗಳು ಉಳಿದಿದ್ದವು. ಅವಳ ಬಿಳಿಚಿದ ಮುಖ ಕಂಡ ಅಕ್ಕೋರು ಎದ್ದು ನಿಂತರು.

“ಗೋಡಿ ಮ್ಯಾಲ ಬರದದ್ದು ಖರೆ. ನಾ ತಿಳಕೊಂಡದ್ದು ತಪ್ಪು. ಎಲ್ಲಾರೂ ಕೇಳ್ಕೊಳ್ರಿ, ಇನ್ನೊಮ್ಮೆ ಹೇಳಂಗಿಲ್ಲ. ಭಾಗ್ಯಾ, ಗುಳಿಗಿ ಎಲ್ಲಿಟ್ಟಿ?”

“ಹುರಳಿ ಡಬ್ಬ್ಯಾಗ ಅತ್ತಿ.”

“ತಗದಿಡು, ಬರ್ತೇನಿ.”

ಸಭೆಯೆದುರು ತಪ್ಪೊಪ್ಪುವುದು ಸುಲಭ. ಲಿಂಬೆ ತೋಟಕ್ಕೆ ಹೋಗಿ ಗಂಡನೆದುರು ಸೆರಗೊಡ್ಡುವುದು ಕಷ್ಟ. ಸುದ್ದಿ ಅವರಿಗಿಂತ ಮೊದಲೇ ತೋಟ ತಲುಪಿತ್ತು.

“ದಿನಕ್ಕ ಎರಡ ಲಿಂಬಿ ಬೇಕ್ರಿ.”

“ಯಾಕ ಅಕ್ಕೋರ? ಬರೀ ಹುಳಿ ಅಲ್ಲನು ನಮ್ಮ ಲಿಂಬಿ?” ಮಡಿವಾಳಪ್ಪನವರು ಹಣ್ಣು ಆರಿಸುತ್ತಲೇ ಕೇಳಿದರು. “ಒಂದ ಕೆಲಸ ಮಾಡು. ಪೊಲೀಸ ಭರ್ತಿಗೆ ಆಡು ಕಳಸು. ನಿನ್ನ ಹುಲ್ಲ ತಿಂದು ಒಂದ ತಿಂಗಳಾತು, ಗೋಡಿ ಜಿಗದ ಹೊಂಟೈತಿ.”

ಆದರೂ ಉಡಿ ತುಂಬಿಸಿದ್ದು ಎರಡಲ್ಲ, ಇಪ್ಪತ್ತು ಹಣ್ಣು, ಅದೂ ತೆಳು ಸಿಪ್ಪೆಯವೇ.

ಮುಂದಿನ ಎರಡು ತಿಂಗಳು ಅಕ್ಕೋರು ಗುಳಿಗೆಯನ್ನು ಹುಡುಗಿಯ ಕೈಗೆ ಕೊಡಲಿಲ್ಲ, ನಾಲಗೆಯ ಮೇಲೆಯೇ ಇಟ್ಟರು. ಮೇಲೆ ಲಿಂಬೆ ಶರಬತ್ತು. ಹುಲ್ಲನ್ನೂ ಬಿಡಲಿಲ್ಲ. ಬುಡದ ಎಳೆಯ ಬಿಳಿ ಭಾಗವನ್ನು ಸಣ್ಣಗೆ ಹೆಚ್ಚಿ, ಶೇಂಗಾ, ಹಸಿಮೆಣಸಿನಕಾಯಿ ಕೂಡಿಸಿ ಕಲ್ಲಿನಲ್ಲಿ ಕುಟ್ಟಿ ಚಟ್ನಿ ಮಾಡಿದರು. ಚಹಾ ಮಾತ್ರ ಮಧ್ಯಾಹ್ನ ಮೂರಕ್ಕೆ ಸರಿಯಿತು, ಬರೀ ಪರಿಮಳಕ್ಕಾಗಿ.

“ಇದು ಚಲೋ ಐತಲ್ಲ,” ಎಂದು ಮೂರನೆಯ ಸಲ ಚಟ್ನಿ ಹಾಕಿಸಿಕೊಂಡವರು ಮಡಿವಾಳಪ್ಪನವರು.

“ನೂರಕ್ಕ ಇನ್ನೂ ತೊಂಬತ್ತು ಗ್ರಾಮ ಉಳದೈತ್ರಿ, ಉಣ್ರಿ,” ಎಂದರು ಅಕ್ಕೋರು.

ಪರೀಕ್ಷೆಗೆ ವಾರವಿದ್ದಾಗ ನಳಿಕೆ ಹತ್ತೂವರೆ ತೋರಿಸಿತು. ವಿಜಾಪುರಕ್ಕೆ ಹೊರಟ ಬೆಳಿಗ್ಗೆ, ಹುಡುಗಿ ರೊಟ್ಟಿ ಮುಗಿಸುತ್ತಿದ್ದಂತೆ, ಅಕ್ಕೋರ ಕೈ ಹಳೆಯ ರೂಢಿಯಂತೆ ಚಹಾದ ಲೋಟ ಚಾಚಿತು.

“ಅತ್ತಿ, ಈಗಷ್ಟ ಉಂಡೇನಿ,” ಎಂದಳು ಭಾಗ್ಯಜ್ಯೋತಿ.

ಲೋಟ ಹಿಂದೆ ಸರಿಯಿತು.

ನಾನೂರು ಮೀಟರನ್ನು ಅವಳು ಎಲ್ಲಿಯೂ ಕೂರದೆ ಓಡಿ, ನಿಗದಿಯಾದ ಸಮಯದೊಳಗೇ ಮುಗಿಸಿದಳು. ಸುದ್ದಿ ತಿಳಿದ ಸಂಜೆ ಅಕ್ಕೋರು ನೀಲಿ ಬಣ್ಣದ ಡಬ್ಬಿ ಹಿಡಿದು ಅಂಗನವಾಡಿಗೆ ಹೋದರು. ‘ಕಬ್ಬಿಣ ಎಂಟು ಮಿಲಿಗ್ರಾಂ’ ಎಂಬ ಪುಸ್ತಕದ ಸಾಲನ್ನು ಅಳಿಸುವ ಸ್ವಭಾವ ಅವರದಲ್ಲ. ಅದರ ಕೆಳಗೆ, ಅದೇ ದುಂಡನೆಯ ಅಕ್ಷರದಲ್ಲಿ, ಒಂದು ಮಾತು ಸೇರಿಸಿದರು: ‘ತಿಂದವರಿಗೆ.’