ಉತ್ತರದ ಇಳಿಜಾರಿನ ರಕ್ತ

ನಮ್ಮ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಉಣುಗಕ್ಕ ಎಂದೇ ಕರೆಯುತ್ತಿದ್ದರು. ಕುರಿ ಮೇಯುವ ಗುಡ್ಡಗಳಲ್ಲಿ ಹುಲ್ಲಿನ ಮೇಲೆ ಬಿಳಿ ಬಟ್ಟೆ ಎಳೆದುಕೊಂಡು ಹೋಗುವುದು, ಅದಕ್ಕೆ ಹತ್ತಿದ ಉಣುಗುಗಳನ್ನು ಚಿಮಟದಿಂದ ಹಿಡಿದು ಸೀಸೆಗೆ ಹಾಕುವುದು ಅವಳ ಕೆಲಸ. ಅವನ್ನು ಅರೆದು, ಯಂತ್ರದಲ್ಲಿ ಜೀನ್ ಓದಿ, ಯಾವ ಗುಡ್ಡದಲ್ಲಿ ಜ್ವರದ ರೋಗಾಣು ಇದೆ ಎಂದು ಬರೆಯುವುದು ನನ್ನದು. ಉಣುಗು ಕೊನೆಯ ಸಲ ಯಾರ ರಕ್ತ ಕುಡಿದಿತ್ತು ಎಂಬುದೂ ಒಮ್ಮೊಮ್ಮೆ ತಿಳಿಯುತ್ತದೆ. ಸಾಮಾನ್ಯವಾಗಿ ಕುರಿ, ಮೊಲ, ನರಿ.

ಎರಡು ವರ್ಷದ ಹಿಂದೆ ಅವಳ ತಮ್ಮನ ಕುರಿಗಳೆಲ್ಲ ಒಂದೇ ವಾರದಲ್ಲಿ ಇದೇ ಜ್ವರಕ್ಕೆ ಸತ್ತಿದ್ದವು. ಯಾರಿಗೂ ಮುಖ ತೋರಿಸಲಾರದೆ ಊರು ಬಿಟ್ಟವನು ತಿರುಗಿ ಬರಲಿಲ್ಲ. ಸತ್ತೇ ಹೋದನೆಂದು ತಾಯಿ ಅವನ ಬಟ್ಟೆಗಳನ್ನೂ ಯಾರಿಗೋ ಕೊಟ್ಟುಬಿಟ್ಟಿದ್ದರು. ಅಕ್ಕ ಮಾತ್ರ ನಮ್ಮಲ್ಲಿ ಕೆಲಸಕ್ಕೆ ಸೇರಿದಳು. ಗುಡ್ಡ ಸುತ್ತಲು ಅವಳಿಗೆ ಅದೊಂದು ನೆಪ ಎಂದು ನಮಗೆಲ್ಲ ಗೊತ್ತಿತ್ತು.

ಉತ್ತರದ ಇಳಿಜಾರಿನಲ್ಲಿ ಜ್ವರ ಬಂದಾಗಿನಿಂದ ಯಾರೂ ಕುರಿ ಮೇಯಿಸುವುದಿಲ್ಲ. ಆದರೂ ಅಲ್ಲಿಂದ ಬಂದ ಸೀಸೆಯಲ್ಲಿ ಮನುಷ್ಯರಕ್ತ ಕಾಣಿಸಿತು. ಉಣುಗು ಹಿಡಿಯುವವರ ಜೊಲ್ಲಿನ ಮಾದರಿ ನಮ್ಮಲ್ಲಿರುತ್ತದೆ. ಕೈತಪ್ಪಿ ಅವರ ಗುರುತು ಬೆರೆತರೆ ತೆಗೆದುಹಾಕಲು. ಹೋಲಿಸಿದರೆ ಅವಳದಕ್ಕೆ ಬಹಳಷ್ಟು ಹೊಂದುತ್ತಿತ್ತು. ಬರಿಗೈಲಿ ಮುಟ್ಟಿದ್ದಾಳೆ ಎಂದು ಅದನ್ನು ದಾಖಲೆಯಿಂದ ಅಳಿಸಿದೆ. ಮುಂದಿನ ತಿಂಗಳೂ ಅದೇ, ಮತ್ತೆ ಅಳಿಸಿದೆ. ಮೂರನೆಯ ಸಲ ಎಲ್ಲರೆದುರು ಬೈದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ನಾನು ಮುಟ್ಟಿಲ್ಲ ಸಾರ್," ಎಂದಳು. "ಇನ್ನೊಂದ್ಸಲ ಸರಿಯಾಗಿ ನೋಡಿ."

ಅವಳ ಬಾಯಿ ಮುಚ್ಚಿಸಲೆಂದೇ ನೋಡಿದೆ. ಅದು ಗಂಡಸಿನ ರಕ್ತ. ಅವಳ ಒಡಹುಟ್ಟಿದವನದು. ಮೂರು ತಿಂಗಳಿಂದ ಅವನು ನನ್ನ ಮೇಜಿಗೆ ಬರುತ್ತಲೇ ಇದ್ದ, ನಾನು ಕೊಳೆ ಎಂದು ಒರೆಸಿ ಹಾಕುತ್ತಲೇ ಇದ್ದೆ. ಕೊನೆಯ ಸೀಸೆಯಲ್ಲಿ ಜ್ವರದ ರೋಗಾಣುವೂ ಇತ್ತು.

ವಿಷಯ ತಿಳಿಸಿದಾಗ, ಬದುಕಿದ್ದಾನಾ ಎಂದಷ್ಟೇ ಕೇಳಿದಳು. ಒಮ್ಮೆ ಕುಡಿದ ಉಣುಗು ತಿಂಗಳುಗಟ್ಟಲೆ ಹಸಿದು ಕಾಯುತ್ತದೆ, ರಕ್ತ ಯಾವಾಗಿನದೋ ಹೇಳಲಾಗದು ಎಂದು ನಿಜವನ್ನೇ ಹೇಳಿದೆ.

ಮರುದಿನ ಬೆಳಿಗ್ಗೆ ಅವಳು, ನಾನು, ಡ್ರೈವರ್ ಮೂವರೂ ಗುಡ್ಡ ಹತ್ತಿದೆವು. ಅಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಜೀವವೊಂದು ದಿನವೂ ಕೂತು ಮಲಗುವ ಕಡೆ ಉಣುಗು ಹೆಚ್ಚು. ಅವಳು ಬಟ್ಟೆ ಎಳೆಯುತ್ತ, ಅದರ ಮೇಲೆ ಉಣುಗಿನ ಚುಕ್ಕೆಗಳು ಹೆಚ್ಚಾದ ಕಡೆಗೇ ತಿರುಗುತ್ತ ನಡೆದಳು. ನೂರು, ಇನ್ನೂರು. ಬಂಡೆಯೊಂದರ ಸಂದಿಯ ಬಳಿ ಬಟ್ಟೆ ಕಪ್ಪಾಗಿ ಹೋಗಿ, ತಾನಾಗಿಯೇ ಮಿಸುಕುತ್ತಿತ್ತು. ನನಗೆ ಓಡಿಹೋಗಬೇಕೆನಿಸಿತು.

ಸಂದಿಯೊಳಗೆ ಅವನು ಅಂಗಾತ ಮಲಗಿದ್ದ. ಕಣ್ಣು ಅರೆ ತೆರೆದಿತ್ತು, ತುಟಿ ಕಪ್ಪಿಟ್ಟಿತ್ತು. ಡ್ರೈವರ್ ಅವನ ಕೈ ಮುಟ್ಟಿ ನೋಡಿ, ಟೋಪಿ ತೆಗೆದು ಹಿಂದೆ ಸರಿದ. ತಡಮಾಡಿದೆವು ಎಂದು ನಾನೂ ಮುಖ ತಿರುಗಿಸಿದೆ. ತಡಮಾಡಿದವನು ನಾನೊಬ್ಬನೇ.

ಅವಳು ಮಂಡಿಯೂರಿ, ತಮ್ಮನ ಕೂದಲು ಸರಿಸಿ ಕಿವಿಯ ಹಿಂದೆ ನೋಡಿದಳು. ಬಟಾಣಿಯಷ್ಟು ಊದಿದ ಉಣುಗೊಂದು ಅಲ್ಲಿ ಕಚ್ಚಿಕೊಂಡು ಮೆಲ್ಲಗೆ ಕಾಲಾಡಿಸುತ್ತಿತ್ತು. ಅವಳು ಅದನ್ನು ಕೀಳಲಿಲ್ಲ.

"ಹೆಣ ತಣ್ಣಗಾದ್ರೆ ಇದು ಬಿಟ್ಟು ಹೋಗ್ಬಿಡುತ್ತೆ ಸಾರ್," ಎಂದಳು. "ಇನ್ನೂ ಕುಡೀತಿದೆ. ಇವನ ಕಾಲು ಹಿಡಿದು ಎತ್ತಿ, ಬೇಗ."