ನಾನು ನೋಡದ ಎಡಗಾಲು

ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ಪುಷ್ಪಲತಾ ನನ್ನ ಫೋನಿನ ಪರದೆಯಿಂದ ಜಾರಿ ಮರೆಯಾದಳು. 2021ರ ಮೇ ತಿಂಗಳು, ಎರಡನೆಯ ಲಾಕ್‌ಡೌನಿನ ಕಾಲ. ನಾನು ನಂಜನಗೂಡಿನಲ್ಲಿ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತಿದ್ದೆ. ಅವಳು ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಲ್ಲಿ, ಅಪ್ಪನ ಮನೆಯ ಹಿಂದಿನ ಖಾಲಿ ಕೊಟ್ಟಿಗೆಯಲ್ಲಿದ್ದಳು. ನಮ್ಮಿಬ್ಬರ ನಡುವೆ ಬೈಕಿನಲ್ಲಿ ಒಂದು ಗಂಟೆಗೂ ಮೀರಿದ ದಾರಿ, ದಾರಿಯುದ್ದಕ್ಕೂ ಬ್ಯಾರಿಕೇಡು. ಮೂರು ನಿಮಿಷದ ಒಂದು ಅಭ್ಯಾಸಕ್ಕೆ ಗೋಡೆ ಗಡಿಯಾರ ನೋಡಿಕೊಂಡು ಎಣಿಸುತ್ತಿದ್ದೆನಾದ್ದರಿಂದ ಹೊತ್ತು ಇಷ್ಟು ಖಚಿತವಾಗಿ ನೆನಪಿದೆ. ಎರಡನೆಯ ನಿಮಿಷ ಮುಗಿಯಿತು ಎಂದು ಹೇಳಲು ಬಾಯಿ ತೆರೆದಿದ್ದೆ.

ನಾನು ಆಗ ತಾಂಡವಪುರದ ಹತ್ತಿರ ಒಂದು ಖಾಸಗಿ ಕುದುರೆ ಸವಾರಿ ಶಾಲೆಯಲ್ಲಿ ಮುಖ್ಯ ತರಬೇತುದಾರ. ಬಿ.ಎಸ್‌ಸಿ. ಓದಿದವನು, ಎಲ್ಲೂ ಕೆಲಸ ಸಿಗದ ಒಂದು ವರ್ಷದಲ್ಲಿ ಕುದುರೆ ಲಾಯದ ಲೆಕ್ಕ ಬರೆಯಲು ಸೇರಿ, ಸವಾರಿ ಕಲಿತು, ಕೊನೆಗೆ ಇಪ್ಪತ್ತೊಂಬತ್ತು ವರ್ಷ ಅದನ್ನೇ ಕಲಿಸಿದೆ. ಶಾಲೆಯಲ್ಲಿ ಒಂಬತ್ತು ಕುದುರೆಗಳಿದ್ದವು. ಅವಕ್ಕೆ ಮೇವು, ನೀರು, ಮಾಲೀಸು ನೋಡಿಕೊಳ್ಳಲು ಇಬ್ಬರು ಅಲ್ಲೇ ಉಳಿದರು. ಐವತ್ತೇಳು ವರ್ಷದ, ಸಕ್ಕರೆ ಕಾಯಿಲೆಯ ನನ್ನನ್ನು ಮನೆಯಲ್ಲಿರಿ ಎಂದು ಕಳಿಸಿದರು.

ಪುಷ್ಪಲತಾ ಪೊಲೀಸ್ ಕಾನ್‌ಸ್ಟೆಬಲ್. ಇಪ್ಪತ್ತಾರು ವರ್ಷ. ಅವಳ ಅಪ್ಪ ಚಿಕ್ಕಮಾದಯ್ಯನವರಿಗೆ ಮುಕ್ಕಾಲು ಎಕರೆ ಗದ್ದೆ; ಉಳಿದ ದಿನ ಕೂಲಿ. ಅಶ್ವದಳಕ್ಕೆ ವರ್ಗ ಬೇಕೆಂದು ಅವಳು ಅರ್ಜಿ ಹಾಕಿದ್ದಳು. ಅದಕ್ಕೆ ಸವಾರಿ ಪರೀಕ್ಷೆಯಿತ್ತು. ವಾರದ ರಜೆಯ ದಿನ ನಮ್ಮ ಶಾಲೆಗೆ ಬಂದು ಏಳು ತಿಂಗಳು ಕಲಿತಿದ್ದಳು. ಯಾಕಮ್ಮಾ ನಿನಗೆ ಇಷ್ಟು ಕುದುರೆಯ ಹುಚ್ಚು ಎಂದು ಒಮ್ಮೆ ಕೇಳಿದ್ದೆ.

“ನಮ್ ಬೀದಿಯೋರು ಕುದ್ರೆ ಮುಂದೆ ತಮಟೆ ಹೊಡ್ಕಂಡ್ ಹೋದೋರು ಸಾರ್. ಮೇಲ್ ಕೂತೋರಲ್ಲ. ದಸರಾ ಮೆರವಣಿಗೇಲಿ ನಮ್ಮಪ್ಪ ಕೆಳಗ್ ನಿಂತ್ಕಂಡು ನನ್ನ ಕತ್ತೆತ್ತಿ ನೋಡ್ಬೇಕು,” ಅಂದಿದ್ದಳು.

ಸವಾರಿಯ ಕಸುವು ಬೇಗ ಕರಗುತ್ತದೆ. ನೋಡುವವರಿಗೆ ಕುದುರೆ ಓಡುತ್ತದೆ, ಮನುಷ್ಯ ಸುಮ್ಮನೆ ಕೂತಿರುತ್ತಾನೆ. ನಿಜದಲ್ಲಿ ತೊಡೆಯ ಒಳಮಗ್ಗುಲು, ಹೊಟ್ಟೆ, ಸೊಂಟ, ಹಿಮ್ಮಡಿಯ ಕೀಲು ಇವೆಲ್ಲ ಒಂದು ಕ್ಷಣವೂ ಬಿಡುವಿಲ್ಲದೆ ದುಡಿಯುತ್ತಿರುತ್ತವೆ. ಮೂರು ವಾರ ಕುದುರೆ ಹತ್ತದಿದ್ದರೆ ಅವು ಮರೆಯತೊಡಗುತ್ತವೆ. ಹಾಗಾಗಿ ಲಾಕ್‌ಡೌನ್ ಶುರುವಾದಾಗ ನನ್ನ ಶಿಷ್ಯರಿಗೆಲ್ಲ ಮನೆಯಲ್ಲೇ ಮಾಡುವ ಕಸರತ್ತು ಹೇಳಿಕೊಟ್ಟೆ. ಹೊಸ್ತಿಲ ಅಂಚಿನಲ್ಲಿ ಬೆರಳ ಬುಡವನ್ನು ಊರಿ ನಿಂತು ಹಿಮ್ಮಡಿಯನ್ನು ಕೆಳಕ್ಕೆ ಇಳಿಸುವುದು. ಸುಲಿಯದ ತೆಂಗಿನಕಾಯಿಯೊಂದನ್ನು ಮಂಡಿಗಳ ನಡುವೆ ಅಮುಕಿ ಹಿಡಿದು ಗೋಡೆಗೆ ಬೆನ್ನು ಕೊಟ್ಟು ಕೂರುವುದು. ಲಗಾಮಿನ ಬದಲು ಕಿಟಕಿ ಸರಳಿನ ಮೇಲಿಂದ ಹಗ್ಗ ಇಳಿಬಿಟ್ಟು, ನೀರಿನ ಬಕೆಟ್ಟನ್ನು ಅಲುಗಾಡದಂತೆ ಎತ್ತಿ ಹಿಡಿಯುವುದು. ಕೆಲವರು ನಾಲ್ಕು ದಿನ ಮಾಡಿ ಬಿಟ್ಟರು. ಪುಷ್ಪ ಬಿಡಲಿಲ್ಲ.

ಬ್ಯಾರಿಕೇಡ್ ಡ್ಯೂಟಿಯಲ್ಲಿ ಅವಳಿಗೆ ಕೊರೊನಾ ತಗುಲಿತು. ಆಸ್ಪತ್ರೆಗಳಲ್ಲಿ ಜಾಗವಿರಲಿಲ್ಲ, ಉಸಿರಾಟ ಸರಿಯಿದ್ದ ಕಾರಣ ಮನೆಯಲ್ಲೇ ಪ್ರತ್ಯೇಕವಾಗಿರಲು ಹೇಳಿದರು. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅಪ್ಪ ಮನೆ ಬಿಟ್ಟುಕೊಟ್ಟು ಗದ್ದೆಯ ಪಂಪ್‌ಸೆಟ್ ಶೆಡ್ಡಿಗೆ ಹೋದರು. ಎರಡು ಹೊತ್ತು ಬಾಗಿಲ ಬಳಿ ಊಟ ಇಟ್ಟು ಹೋಗುತ್ತಿದ್ದರು. ಏಳನೆಯ ದಿನ ಜ್ವರ ಬಿಟ್ಟಿತು. ಅಂದೇ ನನಗೆ ಫೋನ್ ಮಾಡಿದಳು.

“ಸಾರ್, ಕಾಲೆಲ್ಲ ಬೆಂಡಾಗೋಗದೆ. ಪರೀಕ್ಷೆ ಯಾವತ್ತು ಕರೀತಾರೋ ಏನೋ. ಕ್ಲಾಸ್ ಶುರು ಮಾಡಣ.”

ಬೇಡ ಎನ್ನಬೇಕಿತ್ತು. ಜ್ವರ ಬಿಟ್ಟ ಕುದುರೆಗೆ ಹದಿನೈದು ದಿನ ಜೀನು ಹಾಕಬಾರದು ಎಂದು ಬೇರೆಯವರಿಗೆ ಹೇಳುವವನು ನಾನು. ಆದರೆ ಮನೆಯಲ್ಲಿ ಕೂತು ಕೂತು ನನಗೂ ಬೆಳಗಾಗುವುದಕ್ಕೆ ಒಂದು ಕಾರಣ ಬೇಕಾಗಿತ್ತು. “ಸ್ವಲ್ಪ ಸ್ವಲ್ಪ ಮಾಡು,” ಎಂದೆ.

ಮರುದಿನ ಅವಳು ಕೊಟ್ಟಿಗೆಯ ತೊಲೆಯಿಂದ ಖಾಲಿ ಡ್ರಮ್ಮೊಂದನ್ನು ಅಡ್ಡಲಾಗಿ ತೂಗುಹಾಕಿ ತೋರಿಸಿದಳು. ಸೊಂಟದೆತ್ತರಕ್ಕೆ ಎರಡು ಕಡೆಯೂ ಹಗ್ಗದ ಕುಣಿಕೆ, ಬೆನ್ನಿನ ಮೇಲೆ ಗೋಣಿಚೀಲ, ಎರಡು ಬದಿಗೆ ಹಗ್ಗದಲ್ಲಿ ಇಳಿಬಿಟ್ಟ ಕಬ್ಬಿಣದ ಬಳೆಗಳು. ಆ ಬಳೆಗಳೇ ರಿಕಾಪು, ಅಂದರೆ ಸವಾರ ಪಾದ ಇಡುವ ಜಾಗ. ಹತ್ತಿ ಕೂತರೆ ಡ್ರಮ್ಮು ಮುಂದಕ್ಕೂ ಹಿಂದಕ್ಕೂ ತೂಗುತ್ತಿತ್ತು, ಪಕ್ಕಕ್ಕೂ ಹೊರಳುತ್ತಿತ್ತು. “ಭೇಷ್!” ಎಂದೆ. ಶಾಲೆಯಲ್ಲಿ ನನಗೂ ಇಂಥದ್ದೊಂದು ಹೊಳೆದಿರಲಿಲ್ಲ ಎಂದು ಹೊಗಳಿದೆ.

ಪಾಠದ ಹೊತ್ತಿನಲ್ಲಿ ಅವಳು ಫೋನನ್ನು ಕೊಟ್ಟಿಗೆಯ ಕಿಟಕಿಯಲ್ಲಿ ಇಡುತ್ತಿದ್ದಳು. ಅದರಲ್ಲಿ ಅವಳ ತಲೆಯಿಂದ ತೊಡೆಯ ತನಕ ಕಾಣುತ್ತಿತ್ತು, ಡ್ರಮ್ಮಿನ ಮೇಲ್ಭಾಗ ಕಾಣುತ್ತಿತ್ತು. ಅದಕ್ಕಿಂತ ಕೆಳಗೆ ಏನೂ ಕಾಣುತ್ತಿರಲಿಲ್ಲ. ಅವಳ ಎಡಗಾಲು ರಿಕಾಪಿನಲ್ಲಿ ನಿಲ್ಲದೆ ಮುಂದಕ್ಕೆ ಜಾರುವುದು ಶಾಲೆಯ ದಿನಗಳಿಂದಲೂ ಇದ್ದ ದೋಷ. ಪಾದ ಕಾಣದಿದ್ದರೂ ಭುಜ ಎಡಕ್ಕೆ ಸೊಟ್ಟಗಾದಾಗಲೆಲ್ಲ ನನಗೆ ಗೊತ್ತಾಗುತ್ತಿತ್ತು. “ಎಡಗಾಲು! ಎಡಗಾಲು ಅಲುಗಬಾರದು!” ಎಂದು ಕೂಗುತ್ತಿದ್ದೆ.

ಸವಾರಿ ಕಲಿಯುವವರಿಗೆ ಮೊದಲ ದಿನದ ಮೊದಲ ಪಾಠ ಒಂದೇ. ಬಿದ್ದಾಗ ಪಾದ ರಿಕಾಪಿನಿಂದ ಹೊರಗೆ ಬರಬೇಕು. ಪಾದ ಸಿಕ್ಕಿಹಾಕಿಕೊಂಡರೆ ಬಿದ್ದವನನ್ನು ಕುದುರೆ ಎಳೆದುಕೊಂಡು ಓಡುತ್ತದೆ. ಇದನ್ನು ನಾನು ನೂರಾರು ಜನರಿಗೆ ಹೇಳಿದ್ದೇನೆ. ಡ್ರಮ್ಮು ಓಡುವುದಿಲ್ಲವಲ್ಲ, ಅವಳಿಗೆ ಮತ್ತೊಮ್ಮೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಕಾಯಿಲೆ ತಗುಲಿದ ಹನ್ನೊಂದನೆಯ ದಿನ, ಎಣಿಕೆಯ ನಡುವೆ ಅವಳ ಮುಖ ಬಿಳಿಚಿತು. “ಸಾರ್, ಕಣ್ಣು...” ಎಂದಳು. ಬಲಕ್ಕೆ ವಾಲಿ ಬಿದ್ದಳು. ಡ್ರಮ್ಮು ಕುಣಿಕೆಯೊಳಗೆ ಅವಳೊಂದಿಗೇ ಹೊರಳಿತು. ಏನೋ ಲಟ್ ಎಂದಿತು. ಡ್ರಮ್ಮು ತೂಗಿ ತೂಗಿ ನಿಂತಾಗ ಅದರ ಮೇಲ್ಭಾಗದಲ್ಲಿ, ಪರದೆಯ ನಟ್ಟನಡುವೆ, ಅವಳ ಎಡಪಾದವಿತ್ತು. ಕಬ್ಬಿಣದ ಬಳೆಗೆ ದನ ಕಟ್ಟುವ ಕಣ್ಣಿಯಿಂದ ಎರಡು ಸುತ್ತು ಬಿಗಿದ ಪಾದ. ಜಗ್ಗಿದಷ್ಟೂ ಬಿಗಿಯುವ, ದನದ ಕೊರಳಿಗೆ ಹಾಕುವ ಗಂಟು. ಪಾದ ಹಿಂದುಮುಂದಾಗಿ ತಿರುಗಿಕೊಂಡಿತ್ತು. ಉಳಿದ ದೇಹ ಆ ಒಂದು ಕಾಲಿನಿಂದ ಕೆಳಕ್ಕೆ ಜೋತು ಬಿದ್ದಿತ್ತು. ನನಗೆ ಕಾಣುತ್ತಿರಲಿಲ್ಲ. ಗೊರ ಗೊರ ಎಂಬ ಉಸಿರು ಮಾತ್ರ ಕೇಳುತ್ತಿತ್ತು.

“ಪುಷ್ಪಾ! ಪುಷ್ಪಾ!” ಎಂದು ಕೂಗಿದೆ.

ಅವಳ ಅಪ್ಪನ ನಂಬರು ಶಾಲೆಯ ರಿಜಿಸ್ಟರಿನಲ್ಲಿತ್ತು. ರಿಜಿಸ್ಟರು ತಾಂಡವಪುರದ ಬೀರುವಿನೊಳಗೆ, ಬೀರುವಿನ ಕೀ ಇಲ್ಲಿ ನನ್ನ ಬಳಿ. ಹೆಂಡತಿ ಶಾರದಾ ಅಡುಗೆಮನೆಯಿಂದ ಓಡಿಬಂದಳು. ಅವಳ ಫೋನಿನಿಂದ 108ಕ್ಕೆ ಮಾಡಿಸಿದೆ. ಆ ತಿಂಗಳು ಆಂಬುಲೆನ್ಸ್‌ಗೆ ಹೊತ್ತು ಗೊತ್ತು ಇರಲಿಲ್ಲ. ಇರುವುದೆಲ್ಲ ಹೊರಗಿದೆ, ಬಂದ ತಕ್ಷಣ ಕಳಿಸುತ್ತೇವೆ ಎಂದರು.

“ನೀವು ಕಟ್ ಮಾಡಿ ಇನ್ಯಾರಿಗಾದ್ರೂ ಫೋನ್ ಮಾಡಬಾರದೇನ್ರೀ?” ಎಂದಳು ಶಾರದಾ.

ಯಾರಿಗೆ? ಕಟ್ ಮಾಡಿದರೆ ಆ ಕೊಟ್ಟಿಗೆಯೊಳಗೆ ಇಣುಕುವ ಒಂದೇ ಕಿಂಡಿಯೂ ಮುಚ್ಚುತ್ತದೆ. ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಮೈದಾನದ ಆ ತುದಿಯ ಸವಾರನಿಗೆ ಕೇಳಿಸುವಂತೆ ಕೂಗುವುದು. ಕಿಟಕಿಯಲ್ಲಿದ್ದ ಅವಳ ಫೋನಿನ ಮೂಲಕ ಹೆಮ್ಮಿಗೆಯ ಬೀದಿಗೆ ಕೇಳಲೆಂದು ಕೂಗಿದೆ. “ಯಾರಿದ್ದೀರಿ ಅಲ್ಲಿ? ಬನ್ರೀ! ಕೊಟ್ಟಿಗೆಗೆ ಬನ್ರೀ!” ಗಂಟಲು ಹರಿಯುವ ತನಕ ಕೂಗಿದೆ. ಒಂಬತ್ತು ನಿಮಿಷ.

ಕೊನೆಗೆ ಹೆಂಗಸಿನ ದನಿ ಕೇಳಿತು. ಪಕ್ಕದ ಮನೆಯ ಕೆಂಪಮ್ಮ. ಪಾಠದ ನಡುವೆ ಕೋಳಿ ಅಟ್ಟುವ ಅವರ ಬೈಗುಳ ಆಗಾಗ ಕೇಳಿದ್ದೆ.

“ಯಾವೋನ್ಲಾ ಅದು, ಎಣ್ಮಗ್ಳು ಒಬ್ಳೇ ಇರೋ ಮನೇಲಿ ಅಂಗ್ ಬಡ್ಕತಾ ಇರೋನು? ಇವ್ಳು ಕರೋನ ಕರೋನ ಅಂತ ನಮ್ಮನ್ನ ಆಚೆ ನಿಲ್ಸ್‌ಬುಟ್ಟು ಗಂಡಸ್ನ ಕೂರಿಸ್ಕಂಡವ್ಳಾ?”

“ಅಮ್ಮಾ, ನಾನು ಫೋನಲ್ಲಿದ್ದೀನಿ. ಒಳಗೆ ಬನ್ನಿ. ಪುಷ್ಪ ಬಿದ್ದಿದ್ದಾಳೆ.”

“ಪೋನ್ನಲ್ಲಾ?” ಬಾಗಿಲು ಕಿರುಗುಟ್ಟಿತು. “ಅಯ್ಯೋ ನನ್ ಶಿವ್ನೇ! ಇದೇನವ್ವಾ ಇಂಗ್ ನೇತಾಕಂಡವ್ಳೆ!”

ಆಮೇಲೆ ಹೆಜ್ಜೆಯ ಸದ್ದಿಲ್ಲ. ಅವರು ಬಾಗಿಲಲ್ಲೇ ನಿಂತುಬಿಟ್ಟಿದ್ದರು.

“ಇವ್ಳ್ಗೆ ಕಾಯ್ಲೆ ಐತಲ್ಲಪ್ಪಾ. ಬಾಗ್ಲಿಗೆ ಚೀಟಿ ಅಂಟ್ಸವ್ರೆ. ನಮ್ಮಟ್ಟೀಲಿ ಬಾಣಂತಿ ಅವ್ಳೆ ಕಣಪ್ಪ, ಒಂಬತ್ ದಿನದ ಕೂಸು.”

“ಅವಳು ಸಾಯ್ತಾಳಮ್ಮಾ,” ಎಂದೆ.

“ಬುಡ್ತು ಅನ್ನು! ಬೆಳಬೆಳಿಗ್ಗೆ ಸಾಯೋ ಮಾತಾಡ್ತನೆ,” ಎಂದು ಗದರಿದರು. ಮರುಕ್ಷಣ ಸೆರಗನ್ನು ಮೂಗಿಗೆ ಬಿಗಿದುಕೊಂಡ ಮುದುಕಿ ಪರದೆಯೊಳಗೆ ಬಂದರು. “ಏನ್ ಮಾಡ್ಲಿ, ಏಳು ಬ್ಯಾಗ.”

ಹೇಳಿದೆ. ಮೊದಲು ಡ್ರಮ್ಮು ಹೊರಳದಂತೆ ಕಂಬಕ್ಕೆ ಕಟ್ಟುವುದು, ಆಮೇಲೆ ಅವಳ ಬೆನ್ನ ಕೆಳಗೆ ಚೀಲ ತುರುಕಿ ಮೈ ಎತ್ತರಿಸುವುದು, ಕಾಲು ಬಿಡಿಸುವುದು ಕಡೆಗೆ. ಕುದುರೆಯಿಂದ ಬಿದ್ದವರಿಗೂ ಇದೇ ಕ್ರಮ. ಕೆಂಪಮ್ಮ ತೌಡಿನ ಚೀಲ ಎಳೆತಂದರು. “ಕತ್ತು ಗೋದ್ಲಿ ಕಲ್ಗೆ ಸಿಕ್ಕಂಡದೆ ಕಣಪ್ಪ, ತುಟಿ ನೀಲಿಗಾಗದೆ,” ಎಂದರು. ಕತ್ತು ನೆಟ್ಟಗಾದಾಗ ಗೊರಗೊರ ನಿಂತು ಒಂದು ದೊಡ್ಡ ಉಸಿರು ಕೇಳಿತು. ಆಮೇಲೆ ಅವರು ಕುಡುಗೋಲು ತಂದು ಕಣ್ಣಿ ಕೊಯ್ದರು. ಪಾದ ಡ್ರಮ್ಮಿನ ಆಚೆ ಬಿತ್ತು. ಪುಷ್ಪ ಅರಚಿದಳು. ಏಳು ಗಂಟೆ ಐದು ನಿಮಿಷ.

ಟಿ. ನರಸೀಪುರದ ಆಸ್ಪತ್ರೆಗೆ ಅವಳನ್ನು ಒಯ್ದದ್ದು ಹಾಲಿನ ಟೆಂಪೊ. ಅಲ್ಲಿಂದ ಮೈಸೂರಿಗೆ. ಮಂಡಿಯ ಮೂರು ಲಿಗಮೆಂಟುಗಳು, ಅಂದರೆ ಮೂಳೆಗಳನ್ನು ಒಂದಕ್ಕೊಂದು ಕಟ್ಟಿರುವ ನಾರುಗಳು, ಹರಿದಿದ್ದವು. ಪಾದವನ್ನು ಮೇಲೆತ್ತುವ ನರ ಜಗ್ಗಿ ಹೋಗಿತ್ತು. ಶ್ವಾಸಕೋಶ ಸರಿಹೋಗದೆ, ಹಾಸಿಗೆ ಸಿಗದೆ ಶಸ್ತ್ರಚಿಕಿತ್ಸೆ ಏಳು ವಾರ ತಡವಾಯಿತು. ಅಷ್ಟರಲ್ಲಿ ಸವಾರಿ ಪರೀಕ್ಷೆ ಮುಗಿದಿತ್ತು. ನರ ಚೇತರಿಸಿಕೊಳ್ಳಲಿಲ್ಲ. ಪಾದ ಜೋತು ಬೀಳುತ್ತದೆ. ನಡೆಯುವಾಗ ಎಡವದಂತೆ ಒಂದು ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಳ್ಳಬೇಕು. ಆ ಕಾಲು ಇನ್ನು ಯಾವ ರಿಕಾಪಿನಲ್ಲೂ ನಿಲ್ಲದು. ಅವಳಿಗೆ ಠಾಣೆಯಲ್ಲಿ ಕಂಪ್ಯೂಟರ್ ಮುಂದಿನ ಕೆಲಸ ಕೊಟ್ಟರು.

ಕೆಂಪಮ್ಮ ಹದಿನಾಲ್ಕು ದಿನ ತಮ್ಮ ಮನೆಗೆ ಹೋಗದೆ ಅದೇ ಕೊಟ್ಟಿಗೆಯಲ್ಲಿ ಮಲಗಿದರಂತೆ.

ನನ್ನ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ತಿರುಗಿಕೊಂಡ ಪಾದ. ಮಾತ್ರೆ ತೆಗೆದುಕೊಂಡರೆ ಎರಡು ಗಂಟೆ. ಕಾಲು ಕಟ್ಟಿಕೊಳ್ಳಲು ಅವಳಿಗೆ ಯಾಕೆ ತೋಚಿತು ಎಂಬ ಪ್ರಶ್ನೆಯ ಸುತ್ತ ಗಾಣದೆತ್ತಿನಂತೆ ಸುತ್ತಿದೆ. ತಾನೇ ಕಟ್ಟಿಕೊಂಡೆ ಎಂದು ಅವಳು ಎಲ್ಲರಿಗೂ ಹೇಳಿದ್ದಳು. ಇರಬಹುದು, ನನ್ನ ಕೂಗಿಗೂ ಆ ಗಂಟಿಗೂ ಸಂಬಂಧವಿಲ್ಲದಿರಬಹುದು ಎಂದುಕೊಳ್ಳುತ್ತಿದ್ದೆ. ಶಾಲೆ ಮತ್ತೆ ತೆರೆದಾಗ ಹೋದೆ. ರಿಕಾಪಿಗೆ ಪಾದ ಇಡುವ ಪ್ರತಿಯೊಬ್ಬರನ್ನೂ ಇಳಿಸಿಬಿಡಬೇಕೆನಿಸುತ್ತಿತ್ತು. ಆರು ತಿಂಗಳಿಗೆ ಕೆಲಸ ಬಿಟ್ಟೆ.

ಹದಿನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಹೆಮ್ಮಿಗೆಗೆ ಹೋದೆ. ಚಿಕ್ಕಮಾದಯ್ಯನವರು ಕುರ್ಚಿ ಹಾಕಿ, “ಕೂತ್ಕಳಿ ಸಾ, ನೀವ್ ಕೂಗ್ದೆ ಓಗಿದ್ರೆ ನಮ್ ಮಗ ಉಳೀತಿರ್ಲಿಲ್ಲ,” ಎಂದು ಕೈಮುಗಿದರು. ಮಗಳನ್ನು ಅವರು ಯಾವಾಗಲೂ ಮಗ ಎನ್ನುತ್ತಿದ್ದರು. ಅವರು ಟೀ ಕಾಯಿಸಲು ಒಳಗೆ ಹೋದಾಗ ಕೇಳಿಯೇಬಿಟ್ಟೆ.

“ಪುಷ್ಪಾ, ಅವತ್ತು ಕಾಲು ಯಾಕೆ ಕಟ್ಟಿಕೊಂಡೆ?”

ಅವಳು ಬಗ್ಗಿ ಕಾಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಸಡಿಲಿಸಿಕೊಂಡಳು.

“ಅವತ್ತೊಂದೇ ದಿನ ಅಲ್ಲ ಸಾರ್. ಹಿಂದಿನ್ ದಿನಾನೂ ಕಟ್ಕಂಡಿದ್ದೆ. ದಿನಾ ಎಡಗಾಲು ಎಡಗಾಲು ಅಂತ ಬೈತಿದ್ರಲ್ಲ. ಕಟ್ಕಂಡು ಕೂತೆ. ‘ಹಾ, ಈಗ ನೋಡು, ಕಾಲು ಅಂದ್ರೆ ಹಿಂಗಿರ್ಬೇಕು’ ಅಂದ್ರಿ. ಏಳು ತಿಂಗ್ಳಲ್ಲಿ ನೀವ್ ನನ್ ಕಾಲನ್ನ ಹೊಗಳಿದ್ದು ಅದೊಂದೇ ಸಲ.”

ಆ ಮಾತು ನನಗೆ ಮರೆತೇಹೋಗಿತ್ತು. ಅವಳು ಹೇಳಿದೊಡನೆ ನನ್ನ ದನಿಯಲ್ಲೇ ಕೇಳಿಸಿತು. ಭುಜ ನೆಟ್ಟಗಿದ್ದುದನ್ನು ಕಂಡು, ಕಾಣದ ಕಾಲನ್ನು ಹೊಗಳಿದ್ದೆ.

“ಯಾರಿಗೂ ಹೇಳಲಿಲ್ಲವಲ್ಲ?”

“ನಿಮ್ ಹೆಸ್ರು ಹೇಳಿದ್ರೆ ಕಾಲು ಬತ್ತಿತ್ತಾ ಸಾರ್?” ಎಂದಳು. ಸಿಟ್ಟಿರಲಿಲ್ಲ. ಕ್ಷಮೆಯೂ ಇರಲಿಲ್ಲ. ಟೀ ಬಂತು, ಕುಡಿದೆ, ಎದ್ದು ಬಂದೆ.

ಇಪ್ಪತ್ತೊಂಬತ್ತು ವರ್ಷದ ಕೆಲಸ ನನಗೆ ಕಲಿಸಿದ್ದನ್ನು ಈಗ ಕಲಿಸುವವರಿಗೆ ಹೇಳುತ್ತೇನೆ. ಕಣ್ಣಿಗೆ ಕಾಣದ್ದನ್ನು ತಿದ್ದಬೇಡಿ. ಅದಕ್ಕಿಂತ ಮುಖ್ಯ, ಕಾಣದ್ದನ್ನು ಮೆಚ್ಚಬೇಡಿ. ಬೈಗುಳವನ್ನು ಶಿಷ್ಯರು ಅರ್ಧ ಕಿವಿಯಲ್ಲಿ ಕೇಳುತ್ತಾರೆ. ಮೆಚ್ಚಿದ ಮಾತನ್ನು ಉಳಿಸಿಕೊಳ್ಳಲು ಏನನ್ನು ಬೇಕಾದರೂ ಕಟ್ಟಿಕೊಳ್ಳುತ್ತಾರೆ.

ಆ ಭಾನುವಾರ ಮನೆಗೆ ಬಂದು ಊಟ ಮಾಡದೆ ಮಲಗಿದೆ. ನನ್ನ ತಪ್ಪು ಇರಲಾರದೇನೋ ಎಂಬ ಒಂದು ಆಸೆಯನ್ನು ಅಷ್ಟು ದಿನ ಕಾವಲು ಕಾದಿದ್ದೆ. ಕಾಯಲು ಇನ್ನು ಏನೂ ಉಳಿದಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಶಾರದಾ ಭುಜ ಅಲುಗಿಸಿ ಎಬ್ಬಿಸಿದಾಗ ಹಾಸಿಗೆಯ ಮೇಲೆ ಬಿಸಿಲು ಬಿದ್ದಿತ್ತು. “ಒಂದ್ಸಲಾನೂ ಮಗ್ಗುಲು ಬದಲಾಯಿಸಲಿಲ್ಲ ನೀವು,” ಎಂದು ಅವಳು ಸಂತೋಷದಿಂದ ಹೇಳಿದಳು. ಅಷ್ಟು ಚೆನ್ನಾಗಿ ನಿದ್ದೆ ಬಂದದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.