ಕಲ್ಲುಮನೆಯ ಹಿಂದೆ ಇಟ್ಟ ಎಡೆ

ನಮ್ಮ ಯಜಮಾನರಿಗೆ ದೇವರ ಮೇಲೆ ಇಲ್ಲದ ಭಕ್ತಿ ಒಂದು ಹಳೇ ಕಲ್ಲುಮನೆಯ ಮೇಲೆ ಇತ್ತು. ಯೂನಿಯನ್ ಸಿಟಿಯ ನಮ್ಮ ಮನೆಯಿಂದ ನಾಲ್ಕು ಗಂಟೆ ಕಾರಿನಲ್ಲಿ ಹೋಗಿ, ಸಿಯೆರಾ ಬೆಟ್ಟಗಳಲ್ಲಿ ಕಾಲುದಾರಿ ಶುರುವಾಗುವ ಕಡೆ ಕಾರು ನಿಲ್ಲಿಸಿ, ಅಲ್ಲಿಂದ ಎರಡು ಗಂಟೆ ಏರಿದರೆ ಅದು ಸಿಗುತ್ತದೆ. ಹಿಂದಿನ ಕಾಲದಲ್ಲಿ ಹಿಮದಲ್ಲಿ ದಾರಿ ತಪ್ಪಿದವರು ಬದುಕಿಕೊಳ್ಳಲಿ ಎಂದು ಯಾರೋ ಕಟ್ಟಿಸಿದ್ದು. ಒಂದೇ ಕೋಣೆ, ಮೇಲೊಂದು ಅಟ್ಟ, ಆ ಅಟ್ಟಕ್ಕೂ ಹೊರಗಿನಿಂದ ಒಂದು ಬಾಗಿಲು. ಮೊದಲ ಸಲ ನೋಡಿದಾಗ, ಮೆಟ್ಟಿಲೇ ಇಲ್ಲದೆ ಗಾಳಿಯಲ್ಲಿ ಬಾಗಿಲು ಇಟ್ಟ ಪುಣ್ಯಾತ್ಮ ಯಾರು ಎಂದು ನಕ್ಕಿದ್ದೆ. ಚಳಿಗಾಲದಲ್ಲಿ ಕೆಳಗಿನ ಬಾಗಿಲು ಹಿಮದಲ್ಲಿ ಹೂತುಹೋಗುತ್ತದೆ, ಆಗ ಅದೇ ಹೆಬ್ಬಾಗಿಲು ಎಂದು ಅವರು ತಾವೇ ಕಟ್ಟಿಸಿದವರ ಹಾಗೆ ವಿವರಿಸಿದರು.

ಆ ಮನೆಯನ್ನೂ ಅದರ ಸುತ್ತಲಿನ ಕಾಲುದಾರಿಗಳನ್ನೂ ನೋಡಿಕೊಳ್ಳುವ ಹತ್ತು ಹದಿನೈದು ಜನರ ಗುಂಪಿನಲ್ಲಿ ಇವರೂ ಒಬ್ಬರು. ಬೇಸಿಗೆ ಬಂತೆಂದರೆ ಅಲ್ಲಿ ಹೊಗೆಗೂಡು ಕೆರೆಯುವುದು, ಹಿಮ ಕರಗಿದ ನೀರು ದಾರಿ ಕೊಚ್ಚಿಕೊಂಡು ಹೋಗದ ಹಾಗೆ ಕಲ್ಲು ಜೋಡಿಸುವುದು, ನೆಲ ಗುಡಿಸುವುದು. ಮನೆಯಲ್ಲಿ ಉಂಡ ತಟ್ಟೆಯನ್ನು ಸಿಂಕಿಗೆ ಹಾಕದ ಮಹಾನುಭಾವರು ಅಲ್ಲಿ ಮೊಣಕಾಲೂರಿ, ನಾನು ಚೆಲ್ಲಿದ ಚಿತ್ರಾನ್ನದ ಅಗುಳನ್ನು ಒಂದೊಂದಾಗಿ ಹೆಕ್ಕುತ್ತಿದ್ದರು. ತಂದ ತಿಂಡಿಯೆಲ್ಲ ಹೊರಗಿನ ಕಬ್ಬಿಣದ ಪೆಟ್ಟಿಗೆಯಲ್ಲೇ ಇರಬೇಕು. ನಾನು ಒಮ್ಮೆ ಗೊಣಗಿದ್ದಕ್ಕೆ, "ಕರಡಿಗೆ ನಮ್ಮ ಊಟದ ರುಚಿ ಒಂದ್ಸಲ ಹತ್ತಿದ್ರೆ ಅದರ ಕಥೆ ಮುಗೀತು ಕಣೆ. ಮನೆ ಒಡೆಯಕ್ಕೆ ಶುರು ಮಾಡುತ್ತೆ, ಆಮೇಲೆ ಶೂಟ್ ಮಾಡ್ತಾರೆ," ಎಂದಿದ್ದರು. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಹೋದ ವರ್ಷ ಯುಗಾದಿ ಆಗಿ ಸ್ವಲ್ಪ ದಿನಕ್ಕೆ ಅವರು ಹೋದರು. ಪಕ್ಕದೂರು ನೆವಾರ್ಕಿನ ಆಫೀಸಿನಲ್ಲಿ, ಮೀಟಿಂಗಿನಲ್ಲಿ ಕೂತಲ್ಲೇ. ಆ ದಿನ ಬೆಳಿಗ್ಗೆ ನಮ್ಮಿಬ್ಬರಿಗೂ ಜಗಳವಾಗಿತ್ತು. ರಿಟೈರಾದ ಮೇಲೆ ಬೇಸಿಗೆ ಪೂರ್ತಿ ಬೆಟ್ಟದ ಮೇಲೆ ಇರುತ್ತೇನೆ ಎಂದರು. ಆ ಕಲ್ಲುಮನೆಯನ್ನೇ ಕಟ್ಟಿಕೊಳ್ಳಬೇಕಿತ್ತು, ನನ್ನನ್ನು ಯಾಕೆ ಕಟ್ಟಿಕೊಂಡಿರಿ ಎಂದೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆಯೇ. ಅವರು ತಿಂಡಿ ಮುಟ್ಟಲಿಲ್ಲ, ಊಟದ ಡಬ್ಬಿಯನ್ನೂ ಬಿಟ್ಟು ಹೊರಟರು. ಮೂವತ್ತೊಂದು ವರ್ಷ ಅನ್ನ ಹಾಕಿದ ಕೈ ಕೊನೆಯ ದಿನ ಉಪವಾಸ ಕಳಿಸಿತು.

ನಾವು ಮಂಡ್ಯದ ಕಡೆಯವರು. ಸತ್ತವರಿಗೆ ಅವರ ಇಷ್ಟದ ಅಡುಗೆ ಮಾಡಿ ಎಲೆಯಲ್ಲಿ ಬಡಿಸಿ ಎಡೆ ಇಡುತ್ತೇವೆ. ಕಾಗೆ ಮುಟ್ಟಿದರೆ ಹೋದವರು ಉಂಡರು ಎಂದು ಲೆಕ್ಕ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ. ಹನ್ನೊಂದನೆಯ ದಿನ ಹಿತ್ತಿಲಲ್ಲಿ ಮುದ್ದೆ, ಕೋಳಿಸಾರು, ವಡೆ, ಪಾಯಸ ಇಟ್ಟೆವು. ಯೂನಿಯನ್ ಸಿಟಿಯಲ್ಲಿ ಕಾಗೆಗೇನು ಬರವಿಲ್ಲ. ಒಂದು ಬಂದು ಬೇಲಿಯ ಮೇಲೆ ಕೂತಿತು. ನಾನು ಕೈಮುಗಿದು, ಮಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಉಣ್ಣಿ ಎಂದೆ. ತಪ್ಪಾಯಿತು ಎಂದೆ. ಅದು ಎಲೆಯನ್ನು ನೋಡಿ ಪಕ್ಕದ ಮನೆಯವರ ಕಸದ ತೊಟ್ಟಿಗೆ ಹಾರಿತು. ಇಲ್ಲಿನ ಕಾಗೆಗಳಿಗೆ ಪಿಜ್ಜಾ ಆಗಬೇಕು ಎಂದು ಇಲ್ಲೇ ಹತ್ತಿರದ ಡಬ್ಲಿನ್ನಿನಿಂದ ಬಂದಿದ್ದ ನಾದಿನಿ ಸಮಾಧಾನ ಮಾಡಿದಳು. ಅಮಾವಾಸ್ಯೆಗೆ ಮತ್ತೆ ಇಟ್ಟೆ. ಆಗಲೂ ಮುಟ್ಟಲಿಲ್ಲ.

ಜೂನಿನಲ್ಲಿ ಹಿಮ ಕರಗಿ ಬೆಟ್ಟದ ರಸ್ತೆ ತೆರೆಯಿತು. ಅವರು ಈ ಮನೆಯಲ್ಲಿಲ್ಲ, ಅಲ್ಲಿದ್ದಾರೆ ಎಂದು ನನ್ನ ತಲೆಗೆ ಹೊಕ್ಕಿತು. ಅಮಾವಾಸ್ಯೆಯ ದಿನ ಅಡುಗೆ ಮಾಡಿಕೊಂಡು ಮಗಳ ಜೊತೆ ಹೊರಟೆ. ಬ್ಯಾಗಿನಲ್ಲಿ ಏನು ಎಂದು ಕೇಳಿದಳು, ನಮ್ಮ ಊಟ ಎಂದೆ. ಅವಳು ಬಾಟಲಿಗೆ ನೀರು ತುಂಬಲು ಹೊಳೆಗೆ ಇಳಿದಾಗ ಕಲ್ಲುಮನೆಯ ಹಿಂದಿನ ಚಪ್ಪಟೆ ಬಂಡೆಯ ಮೇಲೆ ಎಲೆ ಹಾಸಿ ಬಡಿಸಿದೆ. ಆಮೇಲೆ ಇಬ್ಬರೂ ಮೇಲಿನ ಕಣಿವೆಯ ತನಕ ನಡೆದು, ಮೂರು ಗಂಟೆ ಬಿಟ್ಟು ವಾಪಸು ಬಂದೆವು. ಬಂಡೆ ತೊಳೆದಿಟ್ಟ ಹಾಗಿತ್ತು. ಕೋಳಿಯ ಮೂಳೆಯ ಚೂರೂ ಇಲ್ಲ.

ಅಲ್ಲೇ ಕುಸಿದು ಕೂತು ಅತ್ತೆ. ಏನಾಯಿತೆಂದು ತಿಳಿಯದ ಮಗಳು ಬೆನ್ನು ಸವರಿದಳು. ಕರಡಿಯ ನೆನಪು ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಕಾಗೆಯೇ ಇರುತ್ತದೆ, ಇಲ್ಲಿಯ ಕಾಗೆಗಳು ಎಷ್ಟು ದೊಡ್ಡವು ಎಂದು ನನಗೆ ನಾನೇ ಹೇಳಿಕೊಂಡೆ.

ಜುಲೈ, ಆಗಸ್ಟ್, ಸೆಪ್ಟೆಂಬರ್. ಪ್ರತಿ ಅಮಾವಾಸ್ಯೆಗೂ ಹೋದೆ. ಮಗಳು ಬರದಿದ್ದಾಗ ಒಬ್ಬಳೇ ಹೋದೆ. ಫ್ರೀವೇ ಎಂದರೆ ನಡುಗುತ್ತಿದ್ದವಳು ನಾಲ್ಕು ಗಂಟೆ ಕಾರು ಓಡಿಸಿದೆ, ಮೊಣಕಾಲು ನೋವಿನಲ್ಲಿ ಎರಡು ಗಂಟೆ ಏರಿದೆ. ಕೊನೆಕೊನೆಗೆ ಕೀಮಾ ಉಂಡೆ, ಒಬ್ಬಟ್ಟು, ಕಜ್ಜಾಯ ಎಲ್ಲ ಸೇರಿದವು. ಪ್ರತಿ ಸಲವೂ ಬಂಡೆ ಸ್ವಚ್ಛ. ಉಂಡರು, ಕೋಪ ಇಳಿಯಿತು ಎಂದುಕೊಂಡು ದಾರಿಯುದ್ದಕ್ಕೂ ಅವರ ಜೊತೆ ಮಾತಾಡುತ್ತಾ ಇಳಿಯುತ್ತಿದ್ದೆ. ಅವರು ಬದುಕಿದ್ದಾಗ ಆ ದಾರಿಯಲ್ಲಿ ನಾನು ಅಷ್ಟು ಸಂತೋಷವಾಗಿ ನಡೆದೇ ಇರಲಿಲ್ಲ.

ಅಕ್ಟೋಬರಿನಲ್ಲಿ ಆ ಗುಂಪಿನಿಂದ ಅವರ ಹೆಸರಿಗೇ ಒಂದು ಈಮೇಲು ಬಂತು. ಪಟ್ಟಿಯಿಂದ ಹೆಸರು ತೆಗೆದಿರಲಿಲ್ಲ. ಒಂದು ಹೆಣ್ಣು ಕರಡಿ ಕಲ್ಲುಮನೆಯ ಸುತ್ತಲೇ ಠಳಾಯಿಸುತ್ತಿತ್ತಂತೆ. ಎರಡು ಸಲ ಓಡಿಸಿದರೂ ಹೋಗಲಿಲ್ಲವಂತೆ. ಮೂರನೆಯ ಸಲ ಬಾಗಿಲು ಮುರಿದು, ಒಳಗೆ ಮಲಗಿದ್ದವನೊಬ್ಬನ ಭುಜ ಸೀಳಿತಂತೆ. ಅಧಿಕಾರಿಗಳು ಬಂದು ಗುಂಡು ಹಾಕಿದರು. ಯಾರೋ ಮನೆಯ ಹಿಂದೆ ಬೇಕೆಂದೇ ಆಹಾರ ಇಡುತ್ತಿದ್ದ ಹಾಗಿದೆ ಎಂದೂ ಬರೆದಿತ್ತು. ಕಲ್ಲುಮನೆಗೆ ಹಲಗೆ ಬಡಿದು ಮುಚ್ಚಿದ್ದರು. ಮತ್ತೆ ತೆರೆಯುವ ಭರವಸೆ ಇಲ್ಲ.

ಮಗಳಿಗೆ ಹೇಳಿದೆ. ಅವಳು ಹುಟ್ಟಿ ಬೆಳೆದದ್ದು ಇಲ್ಲಿ. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವತ್ತು ನನಗೆ ತಪ್ಪದೆ ತಿಳಿಯಲಿ ಎಂದೇನೋ, ಕನ್ನಡದಲ್ಲೇ ಹೇಳಿದಳು. "ಅಪ್ಪ ಇದ್ದಿದ್ರೆ ಅವರೇ ನಿನ್ನ ಮೇಲೆ ಕಂಪ್ಲೇಂಟ್ ಕೊಡ್ತಿದ್ರು."

ನಿಜ. ಅವರನ್ನು ಬಲ್ಲ ಯಾರೂ ಬೇರೆ ಹೇಳಲಾರರು.

ಅವರ ಹತ್ತಿರ ಆ ಮನೆಯ ಬೀಗದಕೈ ಒಂದಿತ್ತು. ಇಪ್ಪತ್ತು ವರ್ಷ ಅವರ ಜೊತೆ ಅಲ್ಲಿ ಕೆಲಸ ಮಾಡಿದ ಮುದುಕರೊಬ್ಬರನ್ನು ಹುಡುಕಿಕೊಂಡು ಹೋಗಿ ಅದನ್ನು ಕೊಟ್ಟು, ನಾನು ಮಾಡಿದ್ದನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಕಾಗೆಯ ಕಥೆ ಅವರಿಗೆ ಎಷ್ಟು ಅರ್ಥವಾಯಿತೋ. ಎಷ್ಟು ಸಲ ಎಂದು ಮಾತ್ರ ಕೇಳಿದರು. ನಾಲ್ಕು ಎಂದೆ. ನಿಮ್ಮ ಗಂಡ ಇಪ್ಪತ್ತು ವರ್ಷದಲ್ಲಿ ಅಲ್ಲಿ ಒಂದು ಕಾಳೂ ಬೀಳಿಸಲಿಲ್ಲ ಎಂದು ಹೇಳಿ, ನನ್ನ ಮುಖ ನೋಡದೆ ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಉಗಿದಿದ್ದರೆ ತಡೆದುಕೊಳ್ಳುತ್ತಿದ್ದೆ.

ವರ್ಷದ ಎಡೆಯನ್ನು ಹಿತ್ತಿಲಲ್ಲೇ ಇಟ್ಟೆವು. ಕಾಗೆ ಬರಲೇ ಇಲ್ಲ. ಸಂಜೆ ಮಗಳು ಎಲೆ ಎತ್ತಿ ಕಸಕ್ಕೆ ಹಾಕಿದಳು. ನನ್ನ ಗಂಡ ಹಸಿದು ಹೋದವರು, ಇನ್ನೂ ಹಸಿದೇ ಇದ್ದಾರೆ. ನಾನು ಕೈಯಾರೆ ಬಡಿಸಿದ್ದನ್ನು ಒಂದು ಅಗುಳೂ ಬಿಡದೆ ಉಂಡ ಜೀವ ಅದೊಂದೇ, ಅದನ್ನೂ ಕೊಲ್ಲಿಸಿದೆ.